ತಗ್ಗಿಸಿ ಅಂದಿದ್ದು ನಾನೇ

ವೇಗದ ದೋಣಿಗಳ ಹಿಂಭಾಗದಲ್ಲಿ, ತಳದ ಅಂಚಿಗೆ ತಾಗಿದಂತೆ, ಎಡಕ್ಕೊಂದು ಬಲಕ್ಕೊಂದು ಸ್ಟೀಲ್ ತಗಡು ಇರುತ್ತದೆ. ಬಾಗಿಲಿಗಿರುವ ಹಾಗೆ ಅದಕ್ಕೂ ಕೀಲು ಇರುತ್ತದೆ. ಟ್ರಿಮ್ ಟ್ಯಾಬ್ ಎನ್ನುತ್ತಾರೆ. ದೋಣಿ ಜೋರಾಗಿ ಓಡುವಾಗ ಆ ತಗಡನ್ನು ಕೊಂಚ ಕೆಳಕ್ಕೆ ಬಾಗಿಸಿದರೆ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ದೋಣಿಯ ಹಿಂಬದಿ ಏಳುತ್ತದೆ, ಮೂತಿ ಕೆಳಗಾಗುತ್ತದೆ. ತಗಡನ್ನು ಮೇಲಕ್ಕೆ ಎಳೆದುಕೊಂಡರೆ ಮೂತಿ ಏಳುತ್ತದೆ. ಇಷ್ಟೇ ವಿಷಯ. ಇಷ್ಟನ್ನು ಒಂದು ಚಂದದ ಮಾತಿನಲ್ಲಿ ಹೇಳಲು ಹೋಗಿ ನಾನು ಒಬ್ಬ ಮನುಷ್ಯನ ಭುಜ ಮುರಿಸಿದೆ.

ಚಿಕ್ಕಬಳ್ಳಾಪುರದವಳು ದೋಣಿ ಮಾಡುತ್ತೇನೆ ಎಂದರೆ ನೆಂಟರೆಲ್ಲ ನಗುತ್ತಾರೆ. "ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋ ಊರಲ್ಲಿ ಬೋಟೇನೇ?" ಎಂದು ನನ್ನ ಚಿಕ್ಕಮ್ಮ ಇವತ್ತಿಗೂ ಕೇಳುತ್ತಾರೆ. ನಾನು ಕೆಲಸ ಮಾಡುವ ಷೆಡ್ಡು ಗೌರಿಬಿದನೂರಿನಲ್ಲಿದೆ. ಫೈಬರ್ ನೀರಿನ ತೊಟ್ಟಿ, ಪಾರ್ಕುಗಳಲ್ಲಿ ತುಳಿಯುವ ಬಾತುಕೋಳಿ ದೋಣಿ, ಇವೇ ನಮ್ಮ ಹೊಟ್ಟೆಪಾಡು. ಹೀಗಿರುವಾಗ ಮಾಲೀಕರು ಎಲ್ಲಿಂದಲೋ ಒಂದು ಆರ್ಡರ್ ಹಿಡಿದು ತಂದರು. ದೊಡ್ಡ ಜಲಾಶಯವೊಂದರ ರಕ್ಷಣಾ ತಂಡಕ್ಕೆ, ಮುಳುಗುತ್ತಿರುವವರ ಹತ್ತಿರ ಕಣ್ಣು ಮಿಟುಕಿಸುವುದರೊಳಗೆ ಹೋಗಿ ನಿಲ್ಲುವಂಥ ದೋಣಿ ಬೇಕಂತೆ.

"ಇಷ್ಟು ದಿನ ಬಾತುಕೋಳಿ ಮಾಡಿದ್ದಾಯ್ತಮ್ಮಾ," ಎಂದರು ಮಾಲೀಕರು. "ಈಗ ಕುದುರೆ ಮಾಡ್ಬೇಕು. ನೀನಿದೀಯಲ್ಲ, ಓದ್ಕೊಂಡಿರೋಳು."

ನಾನು ಓದಿಕೊಂಡವಳೇ. ಆದರೆ ನನಗೆ ಈಜು ಬರುವುದಿಲ್ಲ, ನೀರೆಂದರೆ ಭಯ. ದೋಣಿಯ ಒಡಲು, ತೂಕ, ಟ್ಯಾಬಿನ ಅಳತೆ ಎಲ್ಲವನ್ನೂ ದಡದಲ್ಲಿ ನಿಂತು, ಕ್ಯಾಮೆರಾ ಹಿಡಿದು, ವಾಕಿಟಾಕಿಯಲ್ಲಿ ಮಾತಾಡುತ್ತಾ ನಿರ್ಧರಿಸುತ್ತಿದ್ದೆ. ಕೇಳಿದವರಿಗೆ, ನಾನು ಹತ್ತಿದರೆ ತೂಕದ ಲೆಕ್ಕ ತಪ್ಪುತ್ತದೆ ಎಂದು ಹೇಳುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ದೋಣಿ ಓಡಿಸಲು ಕೆಂಚಾರ್ಲಹಳ್ಳಿಯ ಕಡೆಯ ಒಬ್ಬ ಚಾಲಕರನ್ನು ಕರೆಸಿದ್ದೆವು. ನಲವತ್ತು ದಾಟಿದ ಆಸಾಮಿ. ಕರಾವಳಿಯಲ್ಲಿ ಪ್ರವಾಸಿಗರ ಮೋಟಾರು ದೋಣಿ ಓಡಿಸಿ, ಹಿಂತಿರುಗಿ ಬಂದು ಮನೆಯವರ ಜೊತೆ ರೇಷ್ಮೆ ಹುಳ ಮೇಯಿಸುತ್ತಿದ್ದರು. ಮೀಸೆ ತಿರುವುವ ಶೋಕಿ, ಬಾಯಿ ಬಿಟ್ಟರೆ ಬಡಾಯಿ. ಆದರೆ ಸ್ಟೀರಿಂಗ್ ಹಿಡಿದರೆ ದೋಣಿ ಅವರು ಹೇಳಿದ ಹಾಗೆ ಕೇಳುತ್ತಿತ್ತು. ಪರೀಕ್ಷೆ ಚೆನ್ನಾಗಿ ಮುಗಿದರೆ ಇವರನ್ನೇ ಈ ದೋಣಿಗೆ ಖಾಯಂ ಚಾಲಕನನ್ನಾಗಿ ತೆಗೆದುಕೊಳ್ಳುತ್ತೇವೆ ಎಂದು ರಕ್ಷಣಾ ತಂಡದ ಅಧಿಕಾರಿ ಮಾತು ಕೊಟ್ಟಿದ್ದರು.

"ಯೂನಿಫಾರಂ ಕೊಡ್ತಾರಂತೆ ಮೇಡಂ," ಎಂದು ಚಾಲಕರು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದರೋ. "ನಮ್ಮಮ್ಮ ಆಗ್ಲೇ ಊರೆಲ್ಲಾ ಸಾರ್ಕೊಂಡ್ ಬಂದವ್ಳೆ."

ಪರೀಕ್ಷೆಗೆ ಚಿಕ್ಕಬಳ್ಳಾಪುರದ ಹೊರಗಿನ ಒಂದು ಕೆರೆ ಗೊತ್ತು ಮಾಡಿದ್ದೆವು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಶುದ್ಧ ಮಾಡಿ ತುಂಬಿಸುವ ಕೆರೆ ಅದು. ವಾಸನೆ ಇದ್ದರೂ ಉದ್ದ ಓಟಕ್ಕೆ ಸಾಲುವಷ್ಟು ನೀರಿತ್ತು.

ಮೊದಲ ಟ್ಯಾಬುಗಳನ್ನು ನಾನು ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿರುವಂತೆ ಮಾಡಿಸಿದ್ದೆ. ಟ್ಯಾಬ್ ಆಡಿಸುವ ಮೋಟಾರು ಅಳವಡಿಸುವ ಮುನ್ನ ಅದರ ಆಕಾರ ಖಚಿತವಾಗಲಿ ಎಂದು, ಕೋನವನ್ನು ಸ್ಪ್ಯಾನರಿನಿಂದ ದಡದಲ್ಲೇ ಬಿಗಿದು ಬಿಡುತ್ತಿದ್ದೆವು. ಉದ್ದದ ತಗಡು ಹಿಂಬದಿಯನ್ನು ಬೇಗ ಎತ್ತಿತು, ದೋಣಿ ಬೇಗ ನೀರಿನ ಮೇಲೇರಿ ಓಡತೊಡಗಿತು. ನಾನು ಬೀಗಿದೆ. ಆದರೆ ವೇಗ ಏರಿದಂತೆ ಅದೇ ಉದ್ದ ಮುಳುವಾಯಿತು. ಒತ್ತಡ ಹೆಚ್ಚಾಗಿ ಮೂತಿ ನೀರನ್ನು ಕಚ್ಚುತ್ತಿತ್ತು. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಹಿಂಬದಿ ಸುತ್ತಿಕೊಂಡು ಬರುತ್ತಿತ್ತು.

ಚಾಲಕರು ದಡಕ್ಕೆ ಬಂದು ತಲೆ ಒರೆಸಿಕೊಂಡರು. "ಇದು ಬೋಟಲ್ಲ ಮೇಡಂ, ನೇಗ್ಲು. ಕೆರೆ ಉಳ್ತಾ ಐತೆ. ರಾಗಿ ಚೆಲ್ಬಿಡಣ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ನನ್ನ ಕೆಲಸದ ಬಗ್ಗೆ ತಮಾಷೆ ಹಿಡಿಸದು.

ಎರಡನೆಯ ಜೋಡಿಯಲ್ಲಿ ಉದ್ದ ಕಡಿಮೆ ಮಾಡಿ ಅಗಲ ಹೆಚ್ಚಿಸಿದೆ. ಜೋರು ಓಟದ ದೋಣಿಗೆ ಗಿಡ್ಡ, ಅಗಲದ ತಗಡೇ ಲೇಸು. ಸ್ವಲ್ಪ ಬಾಗಿಸಿದರೆ ಸ್ವಲ್ಪವೇ ಕೆಲಸ ಮಾಡುತ್ತದೆ, ಒಮ್ಮೆಲೇ ಮೂತಿಯನ್ನು ಕುಕ್ಕುವುದಿಲ್ಲ. ಆಗ ಇನ್ನೊಂದು ತೊಂದರೆ ಬಂತು. ಬಲಗಡೆಯ ತಗಡು ನೀರಿನ ಹೊಡೆತಕ್ಕೆ ಮಣಿಯುತ್ತಿತ್ತು, ಎಡಗಡೆಯದು ಮಣಿಯುತ್ತಿರಲಿಲ್ಲ. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಓಡಿತು. ಬಿಚ್ಚಿ ತಂದು, ದಪ್ಪ ತಗಡು ಹಾಕಿ, ಬೆನ್ನಿಗೆ ಪಟ್ಟಿ ವೆಲ್ಡ್ ಮಾಡಿಸಿದೆವು. ವಾಲುವುದು ನಿಂತಿತು. ಆದರೆ ಈಗ ಪೂರ್ತಿ ವೇಗದಲ್ಲಿ ಮೂತಿ ಏಳುವುದು, ಬೀಳುವುದು, ಮತ್ತೆ ಏಳುವುದು ಶುರುವಾಯಿತು. ಎಂಜಿನ್ ಹಿಂದೆ, ಪೆಟ್ರೋಲ್ ಟ್ಯಾಂಕೂ ಹಿಂದೆ. ಹಿಂಭಾರದ ದೋಣಿಗೆ ಈ ರೋಗ ತಪ್ಪಿದ್ದಲ್ಲ. ಟ್ಯಾಂಕನ್ನು ಮುಂದಕ್ಕೆ ತರಬಹುದಿತ್ತು. ತಂದರೆ ನೆಲಹಾಸನ್ನೆಲ್ಲ ಕಿತ್ತು ಕೂರಿಸಬೇಕು. ಟ್ಯಾಬ್ ಇದೆಯಲ್ಲ, ಕುಣಿತ ಶುರುವಾದಾಗ ಕೊಂಚ ಕೆಳಗಿಳಿಸಿದರೆ ಆಯಿತು ಎಂದುಕೊಂಡೆ. ಓಡುವಾಗಲೇ ಟ್ಯಾಬನ್ನು ಆಡಿಸಲು ವಿದ್ಯುತ್ ಮೋಟಾರು, ಚಾಲಕನ ಮುಂದೆ ಸ್ವಿಚ್ಚು, ಪಕ್ಕದಲ್ಲಿ ಪುಟ್ಟ ದೀಪಗಳ ಸಾಲು ಬಂದವು. ಟ್ಯಾಬ್ ಕೆಳಗೆ ಹೋದಷ್ಟೂ ಹೆಚ್ಚು ದೀಪ ಹತ್ತಿಕೊಳ್ಳುತ್ತಿದ್ದವು.

ಆ ಸ್ವಿಚ್ಚಿನ ಮೇಲೆ ಇಂಗ್ಲಿಷಿನ ಚೀಟಿ ಅಂಟಿತ್ತು. ರಕ್ಷಣಾ ತಂಡದವರು ಎಲ್ಲವೂ ಕನ್ನಡದಲ್ಲಿರಲಿ ಎಂದು ಕೇಳಿದ್ದರು. ನನಗೆ ಸಂಭ್ರಮ. ಚೀಟಿ ಕೆರೆದು ತೆಗೆದೆ. ಹೊಸ ಫಲಕ ಬರುವ ಮೊದಲೇ ಎಲ್ಲರೂ ಪದಗಳನ್ನು ರೂಢಿ ಮಾಡಿಕೊಳ್ಳಲಿ ಎಂದು ಷೆಡ್ಡಿನಲ್ಲಿ ಪಾಠ ಮಾಡಿದೆ. ಟ್ಯಾಬ್ ಮೇಲಕ್ಕೆ ಹೋಗುವುದಕ್ಕೆ 'ಎತ್ತು'. ಕೆಳಕ್ಕೆ ಬರುವುದಕ್ಕೆ 'ತಗ್ಗಿಸು'.

"ಡೌನ್ ಮಾಡೋದು ಅಂದ್ರೆ ಆಗಲ್ವಾ ಮೇಡಂ?" ಎಂದು ಚಾಲಕರು ಕೇಳಿದ್ದರು.

"ಡೌನ್ ಅಲ್ಲ. ತಗ್ಗಿಸು ಅನ್ನಿ. ಕನ್ನಡದಲ್ಲಿ ಪದ ಇಲ್ವಾ?" ಎಂದು ನಾನು ಗದರಿದ್ದೆ.

ನನ್ನ ಈ ಕನ್ನಡದ ಬಿಗುಮಾನಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ಮನೆಮಾತು ತೆಲುಗು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊರಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಕನ್ನಡಕ್ಕೆ ತೆಲುಗಿನ ವಾಸನೆ ಎಂದು ಹುಡುಗಿಯರು ಆಡಿಕೊಂಡಿದ್ದರು. ಅಲ್ಲಿಂದಾಚೆ ನಾನು ಹೊರಗಡೆ ತೆಲುಗು ಬಾರದವಳಾಗಿಬಿಟ್ಟೆ. ಷೆಡ್ಡಿನಲ್ಲಿ ಅರ್ಧ ಜನ ತೆಲುಗಿನಲ್ಲೇ ಹರಟುವುದು. ನನಗೆ ತಿಳಿಯುವುದಿಲ್ಲವೆಂದು ನನ್ನೆದುರೇ ನನ್ನನ್ನು 'ಪುಸ್ತಕಾಲಮ್ಮ', ಅಂದರೆ ಪುಸ್ತಕಗಳಮ್ಮ, ಎನ್ನುತ್ತಿದ್ದರು. ಆ ಹೆಸರಿಟ್ಟವರು ನಮ್ಮ ಚಾಲಕರೇ. ಕೇಳಿಯೂ ಕೇಳದವಳಂತೆ ಅಳತೆ ಪಟ್ಟಿ ಹಿಡಿದು ಓಡಾಡುತ್ತಿದ್ದೆ.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಗಾಳಿ ಇರಲಿಲ್ಲ. ಚಾಲಕರು ಜೀವರಕ್ಷಕ ಜಾಕೆಟ್ ತೊಟ್ಟು, ಎಂಜಿನ್ನಿನ ಕೆಂಪು ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಾಲಕ ಬಿದ್ದರೆ ಹುರಿ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ಹೊರಡುವಾಗ ಅರ್ಧ ದೀಪ ಉರಿಯುವಷ್ಟು ಟ್ಯಾಬ್ ಇಟ್ಟುಕೊಳ್ಳಲು ಹೇಳಿದ್ದೆ. ನಾನು ಏರಿಯ ಮೇಲೆ ನಿಂತೆ.

ದೋಣಿ ಹಿಂದೆಂದೂ ಓಡದ ಹಾಗೆ ಓಡಿತು. ಕೆರೆಯ ನಡುವಿಗೆ ಬರುವಾಗ ಮೂತಿ ಕುಣಿಯತೊಡಗಿತು.

"ಮೇಡಂ, ಎದ್ದೆದ್ದು ಬೀಳ್ತಾ ಐತೆ!" ಎಂದರು ಚಾಲಕರು ವಾಕಿಟಾಕಿಯಲ್ಲಿ.

"ತಗ್ಗಿಸಿ," ಎಂದೆ.

ಕುಣಿತ ಹೆಚ್ಚಾಯಿತು. ಇಳಿಸಿದ್ದು ಸಾಲಲಿಲ್ಲ ಎಂದುಕೊಂಡೆ.

"ಇನ್ನೂ ತಗ್ಗಿಸಿ!"

"ತಗ್ಗಿಸ್ದೆ ಮೇಡಂ, ಜಾಸ್ತಿ ಆಗ್ತೈತೆ!"

"ಪೂರ್ತಿ ತಗ್ಗಿಸಿ ಅಣ್ಣಾ! ಪೂರ್ತಿ!"

ದೋಣಿಯ ಮೂತಿ ಆಕಾಶ ನೋಡಿತು. ತಳವೆಲ್ಲ ಬಿಸಿಲಿಗೆ ಹೊಳೆದದ್ದು ಕಂಡೆ. ಬಿದ್ದ ರಭಸಕ್ಕೆ ಚಾಲಕರು ಸ್ಟೀರಿಂಗಿಗೆ ಭುಜ ಬಡಿದುಕೊಂಡು ಆಚೆ ಎಸೆಯಲ್ಪಟ್ಟರು. ಹುರಿ ಕಿತ್ತುಕೊಂಡು ಎಂಜಿನ್ ನಿಂತಿತು. ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವರು ಹೋಗಿ ಅವರನ್ನು ಎಳೆದುಕೊಂಡು ಬಂದರು. ನಾನು ಏರಿಯ ಮೇಲೆ ವಾಕಿಟಾಕಿ ಹಿಡಿದುಕೊಂಡೇ ಇದ್ದೆ. ಮೊಣಕಾಲಿನ ನೀರಿಗೂ ಇಳಿಯಲಿಲ್ಲ.

ಭುಜದ ಮೂಳೆ ಮುರಿದಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ದೋಣಿಯನ್ನು ದಡಕ್ಕೆಳೆಸಿ ಹಿಂದೆ ಹೋಗಿ ನೋಡಿದೆ. ಎರಡೂ ಟ್ಯಾಬುಗಳು ಪೂರ್ತಿ ಮೇಲಕ್ಕೆ ಸೇರಿಕೊಂಡಿದ್ದವು. ನನಗೆ ಬಂದದ್ದು ಅನುಮಾನವಲ್ಲ, ಸಿಟ್ಟು. ಮಾಲೀಕರಿಗೆ ತೋರಿಸಿದೆ.

"ನೋಡಿ ಸರ್. ನಾನು ಹೇಳಿದ್ದಕ್ಕೆ ಪೂರಾ ಉಲ್ಟಾ ಮಾಡಿದ್ದಾರೆ."

ಮಾಲೀಕರ ಮುಖದಲ್ಲಿ ನಿರಾಳ ಕಂಡಿತು. "ಹಂಗಾದ್ರೆ ಬೋಟ್‌ದೇನೂ ತಪ್ಪಿಲ್ಲ ಅನ್ನು. ಪಾಪ, ಆಸ್ಪತ್ರೆ ಖರ್ಚು ನೋಡ್ಕೊಳಣ. ಆದ್ರೆ ಅಧಿಕಾರಿಗಳಿಗೆ ಇದ್ದಿದ್ದು ಇದ್ದಂಗೆ ಹೇಳ್ಬೇಕಮ್ಮಾ."

ಇದ್ದದ್ದು ಇದ್ದಂತೆ. ನಾನೂ ತಲೆಯಾಡಿಸಿದೆ.

ಕಟ್ಟು ಹಾಕಿಸಿಕೊಂಡು ಅವರು ಮನೆಗೆ ಹೋದ ಮೇಲೆ ನೋಡಿಕೊಂಡು ಬರೋಣವೆಂದು ಕೆಂಚಾರ್ಲಹಳ್ಳಿಗೆ ಹೋದೆ. ಹಣ್ಣು, ಬ್ರೆಡ್ಡು ಹಿಡಿದುಕೊಂಡಿದ್ದೆ. ಸತ್ಯ ಹೇಳುತ್ತೇನೆ, ನೋಡುವುದಕ್ಕಿಂತ ಅವರ ಬಾಯಿಂದಲೇ ತಪ್ಪು ಒಪ್ಪಿಸುವ ಆಸೆಯೇ ಹೆಚ್ಚಿತ್ತು. ಜಗುಲಿಯಲ್ಲಿ ಹುಳದ ತಟ್ಟೆಗಳು. ಚಾಲಕರು ದಿಂಬಿಗೊರಗಿ ಕೂತಿದ್ದರು. ಮೀಸೆ ತಿರುವುವ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು.

"ಅಣ್ಣಾ, ನಾನು ತಗ್ಗಿಸಿ ಅಂದೆನಲ್ಲ, ನೀವು ಯಾಕೆ ಮೇಲಕ್ಕೆ ಒತ್ತಿದ್ರಿ?"

"ಮೇಲಕ್ಕಾ?" ಅವರು ಬೆಪ್ಪಾದರು. "ನೀವು ತಗ್ಗಿಸಿ ಅಂದ್ರಿ, ತಗ್ಗಿಸ್ದೆ. ಇನ್ನೂ ಅಂದ್ರಿ, ಇನ್ನೂ ತಗ್ಗಿಸ್ದೆ. ಪೂರ್ತಿ ಅಂದ್ರಿ. ಲೈಟೆಲ್ಲಾ ಆರೋಗೋವರ್ಗೂ ತಗ್ಗಿಸ್ದೆ ಮೇಡಂ. ದೇವ್ರಾಣೆ."

ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಕಾಫಿಗಿಟ್ಟ ಹಾಲು ಉಕ್ಕಿತು. ಹಿತ್ತಲ ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಅವರ ತಾಯಿ ಸೊಸೆಗೆ ಕೂಗಿದರು:

"ಪಾಲು ಪೊಂಗುತುಂಡಾಯಿ, ಮಂಟ ತಗ್ಗಿಂಚೇ!"

ಸೊಸೆ ಒಲೆಯ ತಿರುಪು ತಿರುಗಿಸಿದಳು. ಉರಿ ಸಣ್ಣದಾಯಿತು.

ನಾನು ಹುಟ್ಟಿದಾಗಿನಿಂದ ಕೇಳಿದ ಮಾತದು. ಉರಿ ತಗ್ಗಿಂಚು, ಟಿ.ವಿ. ಸದ್ದು ತಗ್ಗಿಂಚು, ಸಾರಿಗೆ ಖಾರ ತಗ್ಗಿಂಚು. ನಮ್ಮಜ್ಜಿಯ ಬಾಯಲ್ಲಿ ದಿನಬೆಳಗಾದರೆ ಅದೇ. ಕಡಿಮೆ ಮಾಡು ಎಂದರ್ಥ. ಆ ಓಟದ ಗಡಿಬಿಡಿಯಲ್ಲಿ ನನ್ನ ಪಾಠಕ್ಕಿಂತ ಮೊದಲು ಮನೆಮಾತೇ ನೆನಪಾಗಿ, ಚಾಲಕರು ಟ್ಯಾಬನ್ನು ಕಡಿಮೆ ಮಾಡಿದ್ದರು. ದೀಪ ಕಡಿಮೆಯಾದಷ್ಟೂ ತಗಡು ಮೇಲೆ ಹೋಗುತ್ತದೆ. ಅಷ್ಟೇಕೆ, ಕನ್ನಡದಲ್ಲೂ ಬೆಲೆ ತಗ್ಗುತ್ತದೆ, ಜ್ವರ ತಗ್ಗುತ್ತದೆ. ನಾನು ಮಾತ್ರ ತಲೆ ತಗ್ಗಿಸುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪದ ಆರಿಸಿ, ಅವರ ಬಾಯಿಗೆ ಸಲೀಸಾಗಿದ್ದ 'ಡೌನ್' ಕಿತ್ತುಕೊಂಡಿದ್ದೆ.

ಅಲ್ಲೇ ಹೇಳಬೇಕಿತ್ತು. ಅವರ ತಾಯಿ ಕಾಫಿ ತಂದುಕೊಟ್ಟು, "ಯೂನಿಫಾರಂ ಇನ್ನ ಕೊಡಲ್ವೇನಮ್ಮಾ?" ಎಂದು ಮುರುಕು ಕನ್ನಡದಲ್ಲಿ ಕೇಳಿದರು. "ನೋಡಣಮ್ಮಾ," ಎಂದು ಎದ್ದು ಬಂದೆ. ಕಾಫಿ ಅರ್ಧ ಹಾಗೇ ಉಳಿಯಿತು.

ಬಸ್ಸಿನಲ್ಲಿ ನನ್ನ ಪರವಾಗಿ ನಾನೇ ವಕಾಲತ್ತು ಮಾಡಿಕೊಂಡೆ. ಪಾಠ ಮಾಡಿದ್ದೆನಲ್ಲ. ಅವರು ಕೇಳಬಹುದಿತ್ತಲ್ಲ. ಕುಣಿತ ಹೆಚ್ಚಾದಾಗ ತಾವೇ ವೇಗ ಇಳಿಸಬಹುದಿತ್ತಲ್ಲ. ಚಿಂತಾಮಣಿ ಬರುವಷ್ಟರಲ್ಲಿ ಎಲ್ಲ ಸಬೂಬೂ ಮುಗಿದವು. ಇಪ್ಪತ್ತು ವರ್ಷದ ಅನುಭವವಿದ್ದ ಮನುಷ್ಯ ತನ್ನ ಅಂದಾಜನ್ನು ಬದಿಗಿಟ್ಟು ನನ್ನ ಮಾತು ನಂಬಿದ್ದೇ ತಪ್ಪೆಂದು ವಾದಿಸುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ರಕ್ಷಣಾ ತಂಡದ ಅಧಿಕಾರಿ ಷೆಡ್ಡಿಗೆ ಬಂದರು. ಮಾಲೀಕರು ಟ್ಯಾಬು ತೋರಿಸಿ, ಚಾಲಕರು ಉಲ್ಟಾ ಒತ್ತಿದ್ದನ್ನು ವಿವರಿಸಿದರು. "ಹೌದಾ ಮೇಡಂ?" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿಕೊಂಡು "ಹೂಂ" ಎಂದೆ. ಉಲ್ಟಾ ಒತ್ತಿದ್ದು ನಿಜವೇ ತಾನೇ.

"ಅಷ್ಟೂ ತಿಳಿದೇ ಇರೋರನ್ನ ನಾವು ತಗೊಳಕ್ಕಾಗಲ್ಲ ಬಿಡಿ," ಎಂದು ಅವರು ಎದ್ದು ನಿಂತರು. "ಜನರ ಜೀವದ ಪ್ರಶ್ನೆ."

ಆಗ ನಾನು ಬಾಯಿ ಬಿಟ್ಟೆ. "ಸರ್, ಕೂತ್ಕೊಳ್ಳಿ. ತಪ್ಪು ಅವರದಲ್ಲ. ತಗ್ಗಿಸಿ ಅಂದಿದ್ದು ನಾನು. ಅವರು ತೆಲುಗಿನೋರು. ಅವರಿಗೆ ತಗ್ಗಿಸು ಅಂದ್ರೆ ಕಡಿಮೆ ಮಾಡು ಅಂತ. ಅವರು ನಾನು ಹೇಳಿದ್ದನ್ನೇ ಮಾಡಿದ್ದಾರೆ. ಇನ್ನೊಂದು, ಒಂದು ಮಾತು ತಪ್ಪಾದ್ರೆ ಹಾರಿಬಿಡೋ ದೋಣಿ ಸರಿಯಾದ ದೋಣಿ ಅಲ್ಲ. ಟ್ಯಾಂಕ್ ಮುಂದಕ್ಕೆ ತರಬೇಕಿತ್ತು. ನಾನು ನೆಲಹಾಸು ಕೀಳೋ ಕೆಲಸ ತಪ್ಪಿಸ್ಕೊಳ್ಳಕ್ಕೆ ಹೋಗಿ ಟ್ಯಾಬ್ ನೆಚ್ಕೊಂಡೆ."

ಮಾಲೀಕರು ನನ್ನನ್ನು ನುಂಗುವ ಹಾಗೆ ನೋಡಿದರು. ಅಧಿಕಾರಿ ಮತ್ತೆ ಕೂತು ಕೇಳಿದರು: "ನಿಮಗೆ ತೆಲುಗು ಬರಲ್ವಾ ಮೇಡಂ?"

ಸುತ್ತ ಷೆಡ್ಡಿನವರೆಲ್ಲ ನಿಂತಿದ್ದರು.

"ಬರಲ್ಲ ಸರ್," ಎಂದೆ.

ಅಷ್ಟು ಹೇಳಿ ಮುಗಿಸಿದ ಮೇಲೆ, ಕೊನೆಯಲ್ಲಿ ಈ ಸುಳ್ಳು ಯಾಕೆ ಬಂತೋ. ಅಧಿಕಾರಿ ಮೆಚ್ಚಿಕೊಂಡು, "ಪರವಾಗಿಲ್ಲ ಬಿಡಿ, ಗೊತ್ತಿಲ್ದೇ ಆಗಿದ್ದು. ಸರಿ ಮಾಡಿ, ಮತ್ತೆ ಓಡಿಸಿ. ಡ್ರೈವರ್ ಅವರೇ ಇರಲಿ," ಎಂದರು. ಮೆಚ್ಚುಗೆ ಕೇಳುತ್ತಾ ನಿಂತಿದ್ದೆ, ಮೈಮೇಲೆ ಯಾರೋ ಅಂಟು ಸುರಿದ ಹಾಗಿತ್ತು.

ನೆಲಹಾಸು ಕಿತ್ತು ಟ್ಯಾಂಕನ್ನು ಮುಂದಕ್ಕೆ ತಂದೆವು. ಟ್ಯಾಬ್ ಪೂರ್ತಿ ಮೇಲೆ ಸೇರಿಕೊಳ್ಳದಂತೆ ಒಂದು ತಡೆ ಕೂರಿಸಿದೆ. ಸ್ವಿಚ್ಚಿನ ಮೇಲೆ ಪದಗಳೇ ಬೇಡವೆಂದು ಎರಡು ಚಿತ್ರ ಬರೆಸಿದೆ: ಮೂತಿ ಎತ್ತಿದ ದೋಣಿ, ಮೂತಿ ಇಳಿಸಿದ ದೋಣಿ. ಬಾಯಲ್ಲಿ ಹೇಳುವುದಾದರೆ ಟ್ಯಾಬಿನ ಮಾತೇ ಇಲ್ಲ. 'ಮೂತಿ ಮೇಲೆ', 'ಮೂತಿ ಕೆಳಗೆ', ಅಷ್ಟೇ.

ಭುಜ ಕೂಡಿಕೊಂಡ ಮೇಲೆ ಚಾಲಕರು ಬಂದರು. ಆ ಸಲ ನಾನೂ ಜಾಕೆಟ್ ತೊಟ್ಟು ದೋಣಿ ಹತ್ತಿದೆ. ಎರಡೂ ಕೈಯಲ್ಲಿ ದೋಣಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಅವರು ನೋಡಿದರೂ ತಮಾಷೆ ಮಾಡಲಿಲ್ಲ. ವೇಗ ಏರಿತು. ಮೂತಿ ಒಮ್ಮೆ ಅಲುಗಿತು. "ಮೂತಿ ಕೆಳಗೆ," ಎಂದೆ. ಅವರು ಒತ್ತಿದರು. ದೋಣಿ ಇಸ್ತ್ರಿ ಪೆಟ್ಟಿಗೆಯ ಹಾಗೆ ನೀರಿನ ಮೇಲೆ ಜಾರಿಕೊಂಡು ಹೋಯಿತು. ತಿರುವಿನಲ್ಲೂ ಹಿಂಬದಿ ಕದಲಲಿಲ್ಲ. ನಂದಿಬೆಟ್ಟ ಎಡಕ್ಕಿದ್ದದ್ದು ಬಲಕ್ಕೆ ಬಂತು, ಅಷ್ಟೇ.

ಕೆರೆಯ ನಡುವೆ ಎಂಜಿನ್ ನಿಲ್ಲಿಸಿ ಅವರು ಖುಷಿಯಿಂದ ನನ್ನ ಕಡೆ ತಿರುಗಿದರು. "ಎಲ್ರ ಮುಂದೆ ನಿಮ್ದೇ ತಪ್ಪು ಅಂತ ಒಪ್ಕೊಂಡ್ರಂತೆ ಮೇಡಂ. ಈ ಕಾಲ್ದಲ್ಲಿ ಯಾರು ಒಪ್ತಾರೆ? ನಮ್ಮಮ್ಮ ನಿಮ್ ಹೆಸರಲ್ಲಿ ದೀಪ ಹಚ್ಚವ್ಳೆ. ನೀವು ಬೇಜಾರ್ ಮಾಡ್ಕೋಬೇಡಿ. ತೆಲುಗು ಬರ್ದೇ ಇರೋರಿಗೆ ಹೆಂಗ್ ಗೊತ್ತಾಗ್ಬೇಕು, ಪಾಪ."

ಸುಮ್ಮನಿದ್ದುಬಿಟ್ಟಿದ್ದರೆ ಎಲ್ಲವೂ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಆ 'ಪಾಪ' ನನಗೆ ತಡೆಯಲಾಗಲಿಲ್ಲ.

"ಅನ್ನಾ," ಎಂದೆ, "ನಾಕು ತೆಲುಗು ವಚ್ಚು. ಮಾ ಇಂಟ್ಲೋ ತೆಲುಗೇ." ನನಗೆ ತೆಲುಗು ಬರುತ್ತದೆ, ನಮ್ಮ ಮನೆಯಲ್ಲಿ ತೆಲುಗೇ. ವರ್ಷಗಳ ಮೇಲೆ ಹೊರಗಿನವರೆದುರು ಆಡಿದ ತೆಲುಗು ಅದು.

ಅವರು ನಗುತ್ತಲೇ ಇದ್ದರು, ತಮಾಷೆಯೆಂದುಕೊಂಡು. ಆಮೇಲೆ ನಗು ನಿಂತಿತು.

"ಅಂದ್ರೆ ಷೆಡ್ಡಲ್ಲಿ ನಾವು ಮಾತಾಡ್ತಿದ್ದಿದ್ದೆಲ್ಲಾ?"

"ಅರ್ಥ ಆಗ್ತಿತ್ತು."

"ಪುಸ್ತಕಾಲಮ್ಮ ಅಂದಿದ್ದೂ?"

"ಹೂಂ."

ಇಲ್ಲಿ ಅವರು ನಕ್ಕುಬಿಡುತ್ತಾರೆ ಎಂದು ಆಸೆಪಟ್ಟಿದ್ದೆ. ಅವರು ಮುರಿದು ಕೂಡಿದ ಭುಜವನ್ನು ಒಮ್ಮೆ ಮುಟ್ಟಿಕೊಂಡರು.

"ತಗ್ಗಿಂಚು ಅನ್ನೋದೂ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಎಂಜಿನ್ ಚಾಲೂ ಮಾಡಿ ನಿಧಾನಕ್ಕೆ ದಡ ಸೇರಿಸಿದರು. ಇಳಿಯುವಾಗ ಕೈ ಕೊಟ್ಟರು.

ಅವರಿಗೆ ಆ ಕೆಲಸ ಸಿಕ್ಕಿತು, ಯೂನಿಫಾರಮ್ಮೂ ಸಿಕ್ಕಿತು. ಜಲಾಶಯದಿಂದ ಆಗಾಗ ಫೋನ್ ಮಾಡುತ್ತಾರೆ. ಫೋನ್ ಎತ್ತಿದಾಗ ಅವರು ಜೊತೆಗಾರರೊಡನೆ ತೆಲುಗಿನಲ್ಲಿ ಮಾತಾಡಿ ನಗುತ್ತಿರುವುದು ಕೇಳುತ್ತದೆ. ನಾನು ಹಲೋ ಎಂದ ಕೂಡಲೇ ನಗು ನಿಲ್ಲುತ್ತದೆ. "ನಮಸ್ಕಾರ ಮೇಡಂ," ಎನ್ನುತ್ತಾರೆ, "ಎಡಗಡೆಯ ಟ್ಯಾಬ್ ಸ್ವಲ್ಪ ಬಿಗಿಯಾಗಿದೆ. ದಯವಿಟ್ಟು ಪರಿಶೀಲಿಸಿ." ಒಂದು ತೆಲುಗು ಪದವಿಲ್ಲ, ಇಂಗ್ಲಿಷಿಲ್ಲ, 'ಐತೆ' ಇಲ್ಲ. ನಾನು ಅವರಿಗೆ ಷೆಡ್ಡಿನಲ್ಲಿ ಕಲಿಸಿದ ಕನ್ನಡದಲ್ಲೇ ಮಾತಾಡುತ್ತಾರೆ.